ಗಣಕಯಂತ್ರದ ರಣರಂಗವೂ ಮನೆಯ ಪಡಸಾಲೆಯೂ



ಮಕ್ಕಳ ಆಟವು ಯಾವ ಕಾಲದಲ್ಲಿಯೂ ಹಿರಿಯರ ಕಣ್ಣಿಗೆ ಪೂರ್ತಿಯಾಗಿ ಒಪ್ಪಿಗೆಯಾದದ್ದಿಲ್ಲ. ಚಿಣಿದಾಂಡಿನ ಕಾಲದಲ್ಲಿ ಕಣ್ಣಿಗೆ ಪೆಟ್ಟಾದೀತೆಂಬ ಅಂಜಿಕೆಯಿತ್ತು. ಸಿನಿಮಾ ಬಂದಾಗ ಓದು ಕೆಟ್ಟೀತೆಂಬ ಅಂಜಿಕೆ ಹುಟ್ಟಿತು. ಈಗ ಆ ಅಂಜಿಕೆಯು ಗಣಕಯಂತ್ರದ ತೆರೆಯ ಮುಂದೆ ಬಂದು ನಿಂತಿದೆ. ಆಡುವವನು ತನ್ನ ಕಣ್ಣಿನಿಂದಲೇ ರಣರಂಗವನ್ನು ಕಾಣುತ್ತ, ಕೈಯಲ್ಲಿ ಬಂದೂಕು ಹಿಡಿದು, ದೂರದೂರದ ಊರುಗಳ ಹತ್ತಾರು ಆಟಗಾರರೊಡನೆ ಏಕಕಾಲಕ್ಕೆ ಹೋರಾಡುವ ‘ಶೂಟರ್’ ಆಟಗಳ ವಿಷಯವನ್ನು ಈ ತಿಂಗಳ ಅಂಕಣಕ್ಕೆ ಎತ್ತಿಕೊಂಡಿದ್ದೇವೆ.

ಈ ಪ್ರಶ್ನೆಯನ್ನು ನಮ್ಮೆದುರು ಇಟ್ಟವರು ರಾಣೆಬೆನ್ನೂರಿನ ಒಬ್ಬ ತಾಯಿ. ಮನೆತನ ಬೀಜದ ವ್ಯಾಪಾರದ್ದು. ಹಿರಿಯ ಮಗನಿಗೆ ಹದಿನೆಂಟು ತುಂಬಿದೆ. ಕಿರಿಯವನಿಗೆ ಹತ್ತು ವರ್ಷ. 2025ರ ಆಗಸ್ಟ್ ತಿಂಗಳಲ್ಲಿ ‘ಬ್ಯಾಟಲ್‌ಫೀಲ್ಡ್ 6’ ಎಂಬ ಆಟದ ಪರೀಕ್ಷಾ ಆವೃತ್ತಿಯು ಎರಡು ವಾರಾಂತ್ಯಗಳಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿತ್ತು. ಮೊದಲ ವಾರಾಂತ್ಯದಲ್ಲಿ ಹಿರಿಯ ಮಗ ರಾತ್ರಿ ಎರಡು ಗಂಟೆಯವರೆಗೆ ಎದ್ದಿದ್ದ. ತಂದೆ ತಂತಿ ಕಿತ್ತು, ಯಂತ್ರವನ್ನೇ ಮಾರಿಬಿಡುವುದಾಗಿ ಹೇಳಿದರು. ಅಂದಿನಿಂದ ತಂದೆ-ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣಲಿಲ್ಲ. ಶ್ರಾವಣಮಾಸ, ಸಂಜೆ ಮಠದ ಪ್ರವಚನ ಕೇಳಿ ಬಂದ ಮನೆಯಲ್ಲಿ ಮಾತಿಲ್ಲದ ಊಟ. “ಯಂತ್ರ ಹೋದರ ಹೋಗಲ್ರಿ ಅಣ್ಣಾರ, ಮಗ ಕೈಬಿಟ್ಟು ಹೋಗಬಾರದು” ಎಂದು ಆ ತಾಯಿ ನಮ್ಮಲ್ಲಿ ಹೇಳಿಕೊಂಡರು.

ತಂದೆಯ ಅಂಜಿಕೆಯೂ ಬರಿದೆ ಹುಟ್ಟಿದ್ದಲ್ಲ. 2019ರ ಸೆಪ್ಟೆಂಬರಿನಲ್ಲಿ ಬೆಳಗಾವಿಯ ಹತ್ತಿರದ ಕಾಕತಿಯಲ್ಲಿ, ಮೊಬೈಲಿನ ಪಬ್‌ಜಿ ಆಟ ಆಡಬೇಡವೆಂದ ತಂದೆಯನ್ನೇ ಕೊಂದ ಆರೋಪದ ಮೇಲೆ ಯುವಕನೊಬ್ಬನ ಬಂಧನವಾದ ಸುದ್ದಿಯನ್ನು ಈ ಭಾಗದ ಯಾವ ತಂದೆಯೂ ಮರೆತಿಲ್ಲ. ಆದರೆ ಒಂದು ಮನೆಯ ದುರಂತವು ಎಲ್ಲ ಮನೆಗಳ ಅಳತೆಗೋಲಾಗಲಾರದು. ಕಾಣದ ವಸ್ತುವನ್ನು ಅಳೆಯುವುದೂ ನ್ಯಾಯವಲ್ಲ. ಆದ್ದರಿಂದ ಆಗಸ್ಟ್ 16ರ ಶನಿವಾರ ನಾವು ಆ ಮನೆಗೆ ಹೋಗಿ, ತಂದೆಯ ಅನುಮತಿ ಪಡೆದು, ಆ ಆಟವನ್ನು ನೋಡಿದೆವು; ಆಡಿಯೂ ನೋಡಿದೆವು.

ಪರೀಕ್ಷಾ ಆವೃತ್ತಿಯೆಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಈ ಪದ್ಧತಿ ಹಳೆಯದು. 1993ರ ಡಿಸೆಂಬರಿನಲ್ಲಿ ಅಮೆರಿಕದ ‘ಇಡ್ ಸಾಫ್ಟ್‌ವೇರ್’ ಸಂಸ್ಥೆಯು ‘ಡೂಮ್’ ಆಟದ ಮೊದಲ ಭಾಗವನ್ನು ಉಚಿತವಾಗಿ ಹಂಚಿತು. 1996ರ ಫೆಬ್ರುವರಿಯಲ್ಲಿ ‘ಕ್ವೇಕ್’ ಆಟದ, ಹಲವರು ಕೂಡಿ ಆಡುವ ಭಾಗವನ್ನಷ್ಟೇ ಪರೀಕ್ಷೆಗೆ ಬಿಟ್ಟಿತು. ಆಗ ನಮ್ಮ ಹಾವೇರಿಯು ಇನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಿ ಬಿಚ್ಚಿ, ಹಿಡಿಯಷ್ಟು ಕಾಯಿ ತೆಗೆದು, ಬಣ್ಣ, ಸುಕ್ಕು, ತೇವ ನೋಡಿದ ಮೇಲೆಯೇ ಖರೀದಿದಾರನು ದರ ಹಾಕುತ್ತಾನೆ. ಆಟದ ಮಾದರಿಯೂ ಅಂಥದೇ. ಆದರೆ ಎರಡು ಭೇದಗಳುಂಟು. ಪೇಟೆಯಲ್ಲಿ ಪರೀಕ್ಷೆಯಾಗುವುದು ಕಾಯಿ ಮಾತ್ರ. ಇಲ್ಲಿ ಆಡುವವನೂ ಪರೀಕ್ಷೆಗೆ ಒಳಗಾಗುತ್ತಾನೆ. ಲಕ್ಷಾಂತರ ಜನ ಒಮ್ಮೆಲೆ ನುಗ್ಗಿದರೆ ಸಂಸ್ಥೆಯ ಸರ್ವರ್‌ಗಳು ತಾಳುವವೇ, ಯಾವ ಆಯುಧವನ್ನು ಹೆಚ್ಚು ಜನ ಮೆಚ್ಚುತ್ತಾರೆ ಎಂಬುದನ್ನೆಲ್ಲ ತಯಾರಕರು ಗಮನಿಸುತ್ತಾರೆ. ಎರಡನೆಯದಾಗಿ, ಈ ಮಾದರಿಯು ಗೊತ್ತಾದ ದಿನ ಮುಚ್ಚಿಹೋಗುತ್ತದೆ. ಇಂದು ಆಡದಿದ್ದರೆ ನಾಳೆ ಇಲ್ಲ ಎಂಬ ಅವಸರವೇ ಹುಡುಗರನ್ನು ರಾತ್ರಿ ಎರಡರವರೆಗೆ ಎಬ್ಬಿಸಿ ಕೂಡಿಸುತ್ತದೆ. ತಂದೆ ಇದನ್ನು ಕೇಳಿ, “ಹಂಗಂದ್ರ ಇದು ನಾಳೆ ಬಂದ್ ಆಗತೈತೇನು?” ಎಂದು ಮಗನನ್ನು ಕೇಳಿದರು. ಆರು ದಿನಗಳಲ್ಲಿ ಅವರು ಮಗನೊಡನೆ ಆಡಿದ ಮೊದಲ ಮಾತು ಅದು.

ಇನ್ನು ಆಟದ ಸಂಗತಿ. ಈಜಿಪ್ಟಿನ ಕೈರೋ ನಗರದ ಬೀದಿಗಳಂತೆ ರಚಿಸಿದ ರಂಗಸ್ಥಳ. ಎರಡು ಪಕ್ಷಗಳು, ಪಕ್ಷವೊಂದಕ್ಕೆ 32 ಆಟಗಾರರು, ಅವರಲ್ಲಿ ನಾಲ್ಕು ನಾಲ್ಕು ಜನರ ತಂಡಗಳು. ಬಾವುಟ ನೆಟ್ಟ ಸ್ಥಳಗಳನ್ನು ವಶಪಡಿಸಿಕೊಂಡು ಕಾಯುವುದೇ ಆಟದ ಹುರುಳು. ಗುಂಡು ತಗುಲಿದ ಗೋಡೆ ಕುಸಿಯುತ್ತದೆ, ಧೂಳು ಏಳುತ್ತದೆ, ಶಬ್ದ ಎದೆಗೆ ಬಡಿಯುತ್ತದೆ. ಹಿರಿಯ ಮಗನ ನೋಟ ಅತ್ತಿತ್ತ ಚಲಿಸಲಿಲ್ಲ. ಇಷ್ಟಲಿಂಗಪೂಜೆಯಲ್ಲಿ ಅಂಗೈಯ ಮೇಲೆ ದೃಷ್ಟಿ ನೆಡುವುದು ಎಷ್ಟು ಕಷ್ಟವೆಂದು ಬಲ್ಲ ನಮಗೆ, ಆ ಏಕಾಗ್ರತೆಯನ್ನು ಕಂಡು ಮೆಚ್ಚುಗೆಯೂ ಮರುಕವೂ ಒಟ್ಟಿಗೆ ಆದವು. ಶಕ್ತಿಯು ಮಕ್ಕಳಲ್ಲಿ ಇಲ್ಲವೆಂದಲ್ಲ; ಅದು ಯಾವುದರಲ್ಲಿ ನೆಟ್ಟಿದೆ ಎಂಬುದೇ ಪ್ರಶ್ನೆ.

ಆ ಹುಡುಗನು ಆರಿಸಿಕೊಂಡ ಪಾತ್ರವು ನಮ್ಮ ಗಮನವನ್ನು ಸೆಳೆಯಿತು. ಆಟದಲ್ಲಿ ನಾಲ್ಕು ಬಗೆಯ ಸೈನಿಕರಿದ್ದಾರೆ. ಅವರಲ್ಲಿ ಒಬ್ಬನ ಕೆಲಸ ನೆರವು ನೀಡುವುದು: ಮದ್ದುಗುಂಡು ಹಂಚುವುದು, ನೆಲಕ್ಕೆ ಬಿದ್ದ ಜೊತೆಗಾರನನ್ನು ಮರೆಗೆ ಎಳೆದುಕೊಂಡು ಹೋಗಿ ಎಬ್ಬಿಸುವುದು. ಹಾಗೆ ಮಾಡಿದವನಿಗೂ ಅಂಕಗಳು ದೊರೆಯುತ್ತವೆ. ಮಗನು ಆಡುತ್ತಿದ್ದುದು ಈ ಪಾತ್ರವನ್ನೇ. “ಬಿದ್ದವನ್ನ ಬಿಟ್ಟು ಓಡಿದ್ರ ನಮ್ಮ ಟೀಮ್ ಸೋಲತೈತ್ರಿ ಕಾಕಾರ” ಎಂದ. ದಾಸೋಹದ ಸಂಸ್ಕಾರವು ಇಂಥ ಸ್ಥಳದಲ್ಲಿಯೂ ಎಳೆಯಷ್ಟು ಉಳಿದಿದೆಯೆಂದು ನಾವು ತಂದೆಗೆ ತೋರಿಸಿಕೊಟ್ಟೆವು. ಆಟವನ್ನು ಬೈಯುವ ಮುನ್ನ ಮಗ ಅದರಲ್ಲಿ ಏನು ಮಾಡುತ್ತಾನೆಂಬುದನ್ನು ನೋಡುವುದು ಲೇಸು.

ಆದರೆ ಮುಂದಿನ ಗಳಿಗೆಯು ನಮ್ಮನ್ನು ಬೆಚ್ಚಿಸಿತು. ನಮ್ಮ ಕೈಗೆ ಆಟ ಬಂದು ಅರೆನಿಮಿಷವೂ ಆಗಿರಲಿಲ್ಲ, ಎಲ್ಲಿಂದಲೋ ಬಂದ ಗುಂಡಿಗೆ ನಾವು ಉರುಳಿದೆವು. ಬಾಗಿಲ ಬಳಿ ನಿಂತಿದ್ದ ಕಿರಿಯ ಬಾಲಕ ಚಪ್ಪಾಳೆ ತಟ್ಟಿ, “ಕಾಕಾರ, ನೀವು ಸತ್ರಿ! ಹತ್ತ ಎಣಸ್ರಿ, ಮತ್ತ ಏಳ್ತೀರಿ” ಎಂದ. ಆ ಮಗುವಿನ ಮಾತಿನಲ್ಲಿ ಕೇಡಿರಲಿಲ್ಲ. ಆದರೆ ಹತ್ತು ವರ್ಷದ ಕೂಸಿಗೆ ಸಾವು ಎಂಬುದು ಹತ್ತು ಎಣಿಸುವಷ್ಟು ಹೊತ್ತಿನ ಸಂಗತಿಯಾಗಿ ಕಂಡಿತ್ತು.

ನಮ್ಮ ಜಿಲ್ಲೆಯ ನೆಲಕ್ಕೆ ಗುಂಡಿನ ಅರ್ಥ ಬೇರೆಯೇ ಆಗಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ದಂಡಿಯಾತ್ರೆಯಲ್ಲಿ ನಡೆದಾಗ ಅವರಿಗೂ ಹದಿನೆಂಟೇ ವಯಸ್ಸು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೂ, ತಿರಕಪ್ಪ ಮಡಿವಾಳರೂ, ವೀರಯ್ಯ ಹಿರೇಮಠರೂ ಬ್ರಿಟಿಷ್ ಆಡಳಿತದ ಪೊಲೀಸರ ಗುಂಡಿಗೆ ಬಲಿಯಾದರು. 2008ರ ಜೂನ್ 10ರಂದು ಹಾವೇರಿಯಲ್ಲಿ ರಸಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ರೈತರು ಪ್ರಾಣ ತೆತ್ತರು. 2022ರ ಮಾರ್ಚ್ 1ರಂದು ರಾಣೆಬೆನ್ನೂರು ತಾಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಸಿಕ್ಕಿ ತೀರಿಕೊಂಡ. ಯುದ್ಧವನ್ನು ಗೆಲ್ಲಲು ಹೋದವನಲ್ಲ, ಓದಲು ಹೋದವನು. ತಾಯಿತಂದೆಯರು ಮೂರು ವಾರ ಕಾದು ಬರಮಾಡಿಕೊಂಡ ಮಗನ ದೇಹವನ್ನು ವೈದ್ಯಕೀಯ ಶಿಕ್ಷಣಕ್ಕಾಗಿ ದಾನವಿತ್ತರು. ಇವರಲ್ಲಿ ಯಾರೂ ಹತ್ತು ಎಣಿಸಿದ ಮೇಲೆ ಏಳಲಿಲ್ಲ. ಇದನ್ನು ಮಕ್ಕಳಿಗೆ ತಿಳಿಸುವ ಹೊಣೆ ಆಟದ ತಯಾರಕರದಲ್ಲ, ನಮ್ಮದು.

ಆ ದಿನ ಮನೆಯವರೆಲ್ಲ ಕೂಡಿ ಕೆಲವು ಕಟ್ಟಳೆಗಳನ್ನು ಮಾಡಿಕೊಂಡರು. ಯಂತ್ರವು ಮಾಳಿಗೆಯ ಕೋಣೆಯಿಂದ ಇಳಿದು ಪಡಸಾಲೆಗೆ ಬಂದಿತು. ಇಂಥ ಆಟಗಳು ಚಿಕ್ಕ ಮಕ್ಕಳಿಗೆ ತಕ್ಕವಲ್ಲವೆಂದು ಹೊರದೇಶಗಳ ವಯೋಶ್ರೇಣಿ ಮಂಡಳಿಗಳೇ ಹೇಳಿರುವುದರಿಂದ, ಕಿರಿಯವನು ಎದುರಿಗಿದ್ದಾಗ ಆಡಕೂಡದು. ರಾತ್ರಿ ಹತ್ತಕ್ಕೆ ಯಂತ್ರ ಬಂದ್. ಅಪರಿಚಿತರ ಹೊಲಸು ಮಾತು ಕೇಳಿಬಂದರೆ ಧ್ವನಿಯನ್ನು ಮುಚ್ಚುವುದು. ಪೂರ್ಣ ಆಟವು ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದಾಗ ಕೊಳ್ಳಬೇಕೆನಿಸಿದರೆ, ಹಿಂಗಾರಿ ಬಿತ್ತನೆಯ ದಿನಗಳಲ್ಲಿ ಅಂಗಡಿಯಲ್ಲಿ ಕುಳಿತು ದುಡಿದ ಹಣದಿಂದಲೇ ಕೊಳ್ಳಬೇಕು. ಕಡೆಯ ಮಾತು ತಂದೆಯದು. ಕಾಯಕದ ಹಣಕ್ಕೆ ತನ್ನದೇ ಒಂದು ವಿವೇಕವಿರುತ್ತದೆ. ತಂದೆ-ಮಗನ ಮನಸ್ಸು ಪೂರ್ತಿ ತಿಳಿಯಾಯಿತೆಂದು ನಾವು ಹೇಳಲಾರೆವು. ಆದರೆ ಆ ರಾತ್ರಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ರೊಟ್ಟಿ ಮುರಿದರು.

ಓದುಗರು ಇನ್ನೆರಡು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು. ಗೆಲವಿನ ಆಸೆಗೆ ಹಣ ಪಣವಿಡುವ ಆನ್‌ಲೈನ್ ಆಟಗಳು ಬೇರೆ ಜಾತಿಯವು. ಅವನ್ನು ನಿಷೇಧಿಸುವ ಮಸೂದೆಯನ್ನು ಸಂಸತ್ತು 2025ರ ಆಗಸ್ಟ್ 21ರಂದು ಅಂಗೀಕರಿಸಿತು. ಮರುದಿನವೇ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದೇ ಕಾಯ್ದೆಯು ಪಣವಿಲ್ಲದ ಇ-ಕ್ರೀಡೆಗಳಿಗೆ ಮನ್ನಣೆ ಕೊಟ್ಟಿದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಎರಡನೆಯದು ಆರೋಗ್ಯದ ಮಾತು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದು, ಆ ಪಟ್ಟಿ 2022ರ ಜನವರಿ 1ರಿಂದ ಜಾರಿಗೆ ಬಂದಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ, ಓದು, ನಿದ್ರೆಗಳಿಗಿಂತ ಆಟವೇ ಮೇಲಾಗುವುದು, ಕೇಡಾಗುತ್ತಿದ್ದರೂ ನಿಲ್ಲಿಸಲಾಗದಿರುವುದು, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡುಬಂದಿರಬೇಕು. ಎರಡು ರಾತ್ರಿ ಎದ್ದು ಕುಳಿತವನು ರೋಗಿಯಲ್ಲ. ಆದರೆ ಲಕ್ಷಣಗಳು ಬೇರೂರಿದ್ದರೆ ನಾಚಿಕೆ ಪಡದೆ ನೆರವು ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2014ರಿಂದ ಇದಕ್ಕೆಂದೇ ‘ಶಟ್’ ಕ್ಲಿನಿಕ್ ಇದೆ. ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿಗೆ 14416 ಸಂಖ್ಯೆಯ ಮೂಲಕ ಮನೆಯಿಂದಲೇ ಕರೆ ಮಾಡಬಹುದು.

ಬಸವಣ್ಣನವರು ಹೇಳಿದ ಸಪ್ತಶೀಲದಲ್ಲಿ ಕೊಲ್ಲದಿರುವುದೂ ಉಂಟು, ಮುನಿಯದಿರುವುದೂ ಉಂಟು. ಮೊದಲನೆಯದನ್ನು ಮಕ್ಕಳಿಗೆ ಕಲಿಸಹೊರಟ ನಾವು ಎರಡನೆಯದನ್ನು ಮರೆಯುವುದು ತರವಲ್ಲ. ಮನೆಯಲ್ಲಿ ಇಂಥ ಆಟದ ಸದ್ದು ಕೇಳಿದರೆ ತಂತಿಗೆ ಕೈಹಾಕುವ ಮೊದಲು ಅರ್ಧ ಗಂಟೆ ಮಗನ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅನಂತರ ಒಂದು ರವಿವಾರ ಅವನನ್ನು ಹೊಸರಿತ್ತಿಗೆ ಕರೆದುಕೊಂಡು ಹೋಗಿ, ಆ ಮೂವರು ಬಿದ್ದ ನೆಲವನ್ನು ತೋರಿಸಿರಿ. ಹೆಚ್ಚು ಮಾತು ಬೇಡ. ಅವರ ಹೆಸರುಗಳನ್ನು ಹೇಳಿದರೆ ಸಾಕು.