ಹೋಟೆಲಿನ ಎಣ್ಣೆಯನ್ನಷ್ಟೇ ದೂರಬೇಡಿ, ಮನೆತನವನ್ನೂ ವಿಚಾರಿಸಿ

ಮುಂಬಯಿ, ಠಾಣೆ, ಡೊಂಬಿವಲಿ, ಮೀರಾರೋಡಿನ ಕನ್ನಡ, ತುಳು ಬಂಧುಗಳೇ,

ನಮ್ಮವರೊಬ್ಬರು ನಲವತ್ತರ ಆಸುಪಾಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರೆ ಸೇರಿದವರೆಲ್ಲ ಆಡುವ ಮಾತು ಒಂದೇ: ಲೋಕಲ್‌ ರೈಲಿನ ಓಡಾಟ, ರಾತ್ರಿ ಹನ್ನೊಂದರವರೆಗೆ ಗಲ್ಲಾದಲ್ಲಿ ಕೂರುವುದು, ಸಿಗರೇಟು, ಟೆನ್ಶನ್. ಇದ್ಯಾವುದೂ ಸುಳ್ಳಲ್ಲ. ಆದರೆ ಉತ್ತರಕ್ರಿಯೆಗೆ ಬಂದ ಅಣ್ಣತಮ್ಮಂದಿರು, ಅಕ್ಕತಂಗಿಯರು ತಮ್ಮ ರಕ್ತವನ್ನು ಪರೀಕ್ಷಿಸಿಕೊಳ್ಳುವ ಯೋಚನೆಯೇ ಇಲ್ಲದೆ ಊಟ ಮುಗಿಸಿ ಹೊರಡುತ್ತಾರಲ್ಲ, ಅದು ನಿಲ್ಲಬೇಕು. ಈ ಕರಪತ್ರ ಹಂಚುತ್ತಿರುವುದು ಅದಕ್ಕಾಗಿಯೇ.

ಕೊಲೆಸ್ಟರಾಲ್ ತಟ್ಟೆಯಿಂದ ಮಾತ್ರ ಬರುವುದಲ್ಲ. ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಹಿಡಿದು ಒಳಗೆಳೆದುಕೊಳ್ಳುವುದು ಮುಖ್ಯವಾಗಿ ಲಿವರಿನ ಕೆಲಸ. ಆ ಕೆಲಸ ನಡೆಸುವ ಜೀನ್ ಕೆಲವರಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಇದನ್ನು ಬಿಡಿಸಿ ತೋರಿಸಿದ ಅಮೆರಿಕದ ಮೈಕೆಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಿಗೊಬ್ಬರಲ್ಲಿ ಈ ದೋಷವಿದೆ. ಆ ಲೆಕ್ಕ ಹಿಡಿದರೆ, ಬೆಳಗ್ಗೆ ತುಂಬಿ ಬರುವ ಹನ್ನೆರಡು ಡಬ್ಬಿಯ ಒಂದು ಫಾಸ್ಟ್ ಲೋಕಲ್ಲಿನಲ್ಲಿ ಹತ್ತು ಮಂದಿಗಾದರೂ ಇದ್ದೀತು. ಸಣಕಲು ಮೈಯವರನ್ನಾಗಲಿ ಮೊಟ್ಟೆಯನ್ನೂ ಮುಟ್ಟದವರನ್ನಾಗಲಿ ಇದು ಬಿಡುವುದಿಲ್ಲ.

ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಅಳಿಯಸಂತಾನದ ಮನೆಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ತಾಯಿಮನೆಯ ಮೂರು ತಲೆಮಾರು ಬಾಯಿಪಾಠ ಇರುವವರಿಗೂ ಅಪ್ಪನ ಒಡಹುಟ್ಟಿದವರು ಎಷ್ಟನೇ ವಯಸ್ಸಿಗೆ ಹೋದರೆಂಬುದು ಗೊತ್ತಿರುವುದಿಲ್ಲ. ಈ ಜೀನ್ ಬಳಿಯನ್ನೂ ನೋಡದು, ಗೋತ್ರವನ್ನೂ ಕೇಳದು. ಸೋದರಮಾವನ ಮಗಳನ್ನು ತರುವ ರೂಢಿ ಇರುವಲ್ಲಿ ಅಪಾಯ ಇನ್ನೊಂದು ಬಗೆಯದು: ಗಂಡಹೆಂಡಿರಿಬ್ಬರಲ್ಲೂ ದೋಷವಿದ್ದರೆ ಮಗುವಿಗೆ ಎರಡೂ ಕಡೆಯಿಂದ ಬರಬಹುದು. ಅಂಥ ಮಕ್ಕಳಿಗೆ ಚಿಕಿತ್ಸೆ ಸಿಗದಿದ್ದರೆ ಇಪ್ಪತ್ತು ತುಂಬುವ ಮೊದಲೇ ಹೃದಯಾಘಾತವಾಗುವುದುಂಟು. ಮೇ ರಜೆಯಲ್ಲಿ ಮತ್ಸ್ಯಗಂಧ ಹತ್ತಿ ಊರಿಗೆ ಹೋದಾಗ ಎರಡೂ ಕಡೆಯ ಹಿರಿಯರನ್ನು ಕೇಳಿ: ಗಂಡಸರಲ್ಲಿ 55ಕ್ಕೆ ಮೊದಲು, ಹೆಂಗಸರಲ್ಲಿ 60ಕ್ಕೆ ಮೊದಲು ‘ಎದೆನೋವು’ ಬಂದು ಹೋದವರು ಯಾರು ಯಾರು?

ಪರೀಕ್ಷೆಯ ಹೆಸರು ಲಿಪಿಡ್ ಪ್ರೊಫೈಲ್. ಎಲ್‌ಡಿಎಲ್ ದೊಡ್ಡವರಲ್ಲಿ 190, ಮಕ್ಕಳಲ್ಲಿ 160 ದಾಟಿದ್ದರೆ ವಂಶದ ದೋಷವಿರಬಹುದೆಂದು ಶಂಕಿಸಬೇಕು. ಥೈರಾಯಿಡ್ ಕೊರತೆಯಿಂದಲೂ ಅದು ಏರುತ್ತದೆ, ಅದನ್ನೂ ನೋಡಿಸಿ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ದಪ್ಪಗಾಗುವುದು, ಬೆರಳ ಗೆಣ್ಣುಗಳ ಮೇಲೆ ಗಂಟು, 45ರೊಳಗೇ ಕಣ್ಣಿನ ಕಪ್ಪಿನ ಸುತ್ತ ಬಿಳಿ ಉಂಗುರ ವಂಶದ ದೋಷದ ಗುರುತುಗಳು. ಗುರುತಿಲ್ಲವೆಂದು ಸುಮ್ಮನಿರಬೇಡಿ, ಎಷ್ಟೋ ಮಂದಿಗೆ ಇವು ಕಾಣುವುದೇ ಇಲ್ಲ. ಮೊದಲ ಪರೀಕ್ಷೆ 18ನೇ ವಯಸ್ಸಿಗೆ, ಮನೆತನದಲ್ಲಿ ಇಂಥ ಸಾವುಗಳಾಗಿದ್ದರೆ ಅದಕ್ಕೂ ಮೊದಲೇ ಆಗಲಿ ಎಂದು ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಹೇಳಿದೆ.

ಇನ್ನು ವಾಟ್ಸಾಪಿನ ಬೆಳ್ಳುಳ್ಳಿ ಕಷಾಯದ ವಿಷಯ. ಪಥ್ಯ ಬೇಕು, ನಡಿಗೆ ಬೇಕು, ಸಿಗರೇಟು ಬಿಡಲೇಬೇಕು. ಆದರೆ ವಂಶದಿಂದ ಬಂದ 220ರ ಎಲ್‌ಡಿಎಲ್, ಕಷಾಯದಿಂದಾಗಲಿ ಪಥ್ಯವೊಂದರಿಂದಲೇ ಆಗಲಿ 100ಕ್ಕೆ ಇಳಿಯದು. ಅದಕ್ಕೆ ಸ್ಟ್ಯಾಟಿನ್ ಮಾತ್ರೆಯೇ ಆಗಬೇಕು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಹುಡುಕಿ ತೆಗೆದ ಮದ್ದಿನ ವಂಶದ್ದೇ ಇದು; ಇಂದು ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಸಾಲದಿದ್ದರೆ ಎಜೆಟಿಮೈಬ್ ಸೇರಿಸುತ್ತಾರೆ, ಅದೂ ಸಾಲದಿದ್ದರೆ ಇಂಜೆಕ್ಷನ್, ಅದು ದುಬಾರಿ. ರಿಪೋರ್ಟ್ ಸರಿಬಂತೆಂದು ಮಾತ್ರೆ ಬಿಡುವುದು ನಮ್ಮವರಿಗೊಂದು ಚಟ. ಬಿಟ್ಟರೆ ವಾರಗಳಲ್ಲೇ ಮತ್ತೆ ಏರುತ್ತದೆ. ಎಂಟು ಹತ್ತು ವರ್ಷದ ಮಕ್ಕಳಿಗೂ ತಜ್ಞರು ಈ ಮಾತ್ರೆ ಕೊಡುವುದುಂಟು, ಹೌಹಾರಬೇಡಿ. ಬಸಿರಾಗಲು ಬಯಸುವವರು ಮಾತ್ರ ವೈದ್ಯರನ್ನು ಮೊದಲೇ ಕೇಳಬೇಕು.

ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಅಸೋಸಿಯೇಶನ್, ಮಾಟುಂಗಾದ ಮೈಸೂರು ಅಸೋಸಿಯೇಶನ್ ಮೊದಲಾದ ನಮ್ಮ ಎಲ್ಲ ಸಂಸ್ಥೆಗಳಲ್ಲಿ ವಿನಂತಿ: ಆರೋಗ್ಯ ಶಿಬಿರ ನಡೆದಲ್ಲೆಲ್ಲ ಬಿಪಿ, ಶುಗರಿನ ಜೊತೆಗೆ ಲಿಪಿಡ್ ಪ್ರೊಫೈಲ್ ಕೂಡ ಇರಲಿ. ಒಬ್ಬರ ಎಲ್‌ಡಿಎಲ್ 190 ದಾಟಿದರೆ ಅವರ ಒಡಹುಟ್ಟಿದವರಿಗೂ ಮಕ್ಕಳಿಗೂ, ಅವರು ಕುಂದಾಪುರದಲ್ಲಿರಲಿ, ಕುವೈತಿನಲ್ಲಿರಲಿ, ಸುದ್ದಿ ಮುಟ್ಟಬೇಕು. ಮಗಳ ಸಂಬಂಧ ತಪ್ಪೀತೆಂದು ರಿಪೋರ್ಟ್ ಬಚ್ಚಿಡಬೇಡಿ. ನಿಮ್ಮ ಮನೆತನದಲ್ಲಿ ಅಂಥ ಸಾವು ಒಂದೇ ಒಂದು ಆಗಿದ್ದರೂ ಈ ವಾರವೇ ರಕ್ತ ಕೊಟ್ಟು ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.