ಹಿತ್ತಲ ಗಿಡವೂ ಎಳೆಯ ಚರ್ಮವೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಕೈಯಳತೆಯಲ್ಲಿರುವುದನ್ನು ಜನರು ಕಡೆಗಣಿಸುತ್ತಾರೆಂಬ ವ್ಯಂಗ್ಯ ಅದರಲ್ಲಿ ಅಡಗಿದೆ. ಆದರೆ ಈಗ ಕಾಲ ತಿರುಗಿದೆ. ಹಿತ್ತಲಲ್ಲಿ ಬೆಳೆದುದೆಂಬ ಒಂದೇ ಕಾರಣದಿಂದ ಯಾವ ಸೊಪ್ಪಾದರೂ ಮದ್ದೆನಿಸಿಕೊಳ್ಳುತ್ತಿದೆ. ಮೊದಲಿನದು ಅನಾದರವಾದರೆ ಎರಡನೆಯದು ಅಂಧಾದರ. ಈ ಎರಡು ಅತಿಗಳ ನಡುವೆ ಸಿಕ್ಕಿ ನೋಯುತ್ತಿರುವುದು ಮಾತು ಬಾರದ ಹಸುಳೆಯ ಚರ್ಮ.

ಈ ಸಂಚಿಕೆಗಾಗಿ ಸಂಪಾದಕ ಮಂಡಲಿಯವರು ನನ್ನಿಂದ ಸಾಹಿತ್ಯಸಂಬಂಧವಾದ ಲೇಖನವನ್ನು ನಿರೀಕ್ಷಿಸಿದ್ದರೆ ಅದು ಸಹಜವೇ. ಕನ್ನಡ ಪಂಡಿತನಿಗೆ ಕಜ್ಜಿಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ನಾನು ವೈದ್ಯನಲ್ಲ. ಆದರೆ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನೂ ಇದ್ದನೆಂಬುದನ್ನು ನೆನೆದರೆ, ಮಠದ ಶಾಲೆಯ ಸಂಪುಟದಲ್ಲಿ ದೇಹದ ಬಾಧೆಯ ಮಾತು ಅಪ್ರಸ್ತುತವಾಗದು. ಇದಕ್ಕಿಂತಲೂ ಮುಖ್ಯವಾದ ಕಾರಣ ಇನ್ನೊಂದಿದೆ. ಅದು ನನ್ನದೇ ಒಂದು ತಪ್ಪು.

1997ರಲ್ಲಿ ನಾನು ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಧ್ಯಾಪಕರ ಕೊರತೆಯಿಂದಾಗಿ ಒಂದನೆಯ ಇಯತ್ತೆಯೂ ನನ್ನ ಪಾಲಿಗೆ ಬಂದಿತ್ತು. ಆ ತರಗತಿಯಲ್ಲಿ ಆರು ವರ್ಷದ ಹುಡುಗನೊಬ್ಬನು ಹಗಲೆಲ್ಲ ತುರಿಸಿಕೊಳ್ಳುತ್ತಿದ್ದನು. ಮೊಣಕೈಯ ಒಳಮಡಿಕೆ, ಮೊಣಕಾಲಿನ ಹಿಂಭಾಗ, ಕೊರಳು ಎಲ್ಲ ಕಡೆಯೂ ಚರ್ಮ ಒರಟಾಗಿ ಸೀಳಿತ್ತು. ಅಲ್ಲಲ್ಲಿ ಕಪ್ಪು ಕಲೆಗಳಿದ್ದವು. ‘ಕಜ್ಜಿ’ ಎಂದು ನಾನೇ ತೀರ್ಪುಕೊಟ್ಟು, ಬಾಗಿಲ ಬಳಿ ಅವನೊಬ್ಬನಿಗೇ ಒಂದು ಚಾಪೆ ಹಾಸಿಸಿದೆ. ಉಳಿದ ಮಕ್ಕಳ ಹಿತಕ್ಕಾಗಿ ಮಾಡುತ್ತಿದ್ದೇನೆಂಬ ಸಮಾಧಾನ ನನಗೆ ಪೂರ್ಣವಾಗಿತ್ತು.

ನಾಲ್ಕನೆಯ ದಿನ ಅವನ ತಾಯಿ ಬಂದಳು. ಹೊಲದ ಕೆಲಸದಿಂದ ನೇರವಾಗಿ ಬಂದಂತಿತ್ತು. ಜಗಳವಾಡಲಿಲ್ಲ. “ಮಾಸ್ತರ್ರ, ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ಬ್ಯಾನಿ ಅಲ್ರಿ. ಹುಟ್ಟಿದಾಗಿಂದ ನನ್ನ ಮಗ್ಗಲದಾಗ ಮಲಗ್ಯಾನ. ಹತ್ತೂದಿದ್ರ ಮೊದಲು ನನಗ ಹತ್ತಬೇಕಿತ್ತಲ್ರಿ?” ಎಂದಳು. ತರ್ಕಶಾಸ್ತ್ರದಲ್ಲಿ ಇದಕ್ಕಿಂತ ನೇರವಾದ ವಾದವನ್ನು ನಾನು ಕಂಡಿರಲಿಲ್ಲ. ಹಾಗಾದರೆ ಈ ಕಪ್ಪು ಕಲೆಗಳೇನು ಎಂದು ಕೇಳಿದೆ. ಯಾರೋ ಹಿತೈಷಿಗಳ ಮಾತು ಕೇಳಿ ಹಿಂದಿನ ವರ್ಷ ಎಕ್ಕದ ಹಾಲನ್ನು ಹಚ್ಚಿದ್ದರಂತೆ. “ಆ ಕರೀ ಕಲಿ ಬ್ಯಾನೀದಲ್ರಿ, ಔಷಧದ್ದು” ಎಂದು ಹೇಳಿ ಅವಳು ನೆಲ ನೋಡಿದಳು. ಅಂದೇ ಚಾಪೆ ತೆಗೆಸಿದೆ. ಆದರೆ ನಾಲ್ಕು ದಿನ ಆ ಬಾಲಕನು ಬಾಗಿಲ ಬಳಿ ಕುಳಿತಿದ್ದನ್ನು ತೆಗೆಯಲು ನನ್ನಿಂದ ಆಗಲಿಲ್ಲ.

ನನ್ನ ತಪ್ಪು ಶಬ್ದದಿಂದಲೇ ಆರಂಭವಾಯಿತೆಂದು ಈಗ ತೋರುತ್ತದೆ. ‘ಕಜ್ಜಿ’ ಎಂಬುದು ಸಂಸ್ಕೃತದ ‘ಖರ್ಜು’ವಿನ ತದ್ಭವ, ತುರಿಕೆ ಎಂದಷ್ಟೇ ಅದರ ಮೂಲಾರ್ಥ. ತುರಿಸುವುದನ್ನೆಲ್ಲ ನಾವು ಈ ಒಂದೇ ಮಾತಿನಿಂದ ಕರೆಯುತ್ತೇವೆ. ಆದರೆ ಕಣ್ಣಿಗೆ ಕಾಣದ ನುಸಿಯಿಂದ ಬರುವ ತುರಿಕಜ್ಜಿ ಬೇರೆ, ಬೂಷ್ಟಿನಿಂದ ಬರುವ ಹುಳುಕಡ್ಡಿ ಬೇರೆ, ವೈದ್ಯರು ಎಕ್ಸಿಮಾ ಎನ್ನುವ ಇಸುಬು ಬೇರೆ. ಮೊದಲಿನೆರಡು ಅಂಟುವಂಥವು, ಇಸುಬು ಅಂಟುವುದಿಲ್ಲ. ‘ಕುಷ್ಠ’ ಶಬ್ದದ ಗತಿಯೂ ಇಂಥದೇ. ಚರಕಸಂಹಿತೆಯು ಏಳು ಮಹಾಕುಷ್ಠಗಳನ್ನೂ ಹನ್ನೊಂದು ಕ್ಷುದ್ರಕುಷ್ಠಗಳನ್ನೂ ಹೇಳುತ್ತದೆ. ಇಸುಬಿಗೆ ಸಮೀಪವಾದ ವಿಚರ್ಚಿಕೆ ಕ್ಷುದ್ರಕುಷ್ಠಗಳಲ್ಲಿ ಒಂದು. ಅಲ್ಲಿ ಕುಷ್ಠವೆಂದರೆ ಚರ್ಮರೋಗಗಳ ಸಾಮಾನ್ಯ ನಾಮ. ಬಳಕೆಯಲ್ಲಿ ಅದು ಒಂದೇ ರೋಗಕ್ಕೆ ಸಂಕುಚಿತವಾಗಿ, ಅದರ ಭಯವೆಲ್ಲ ಉಳಿದ ಚರ್ಮವ್ಯಾಧಿಗಳ ಮೇಲೂ ಕವಿಯಿತು. ಶಬ್ದದ ದಾರಿದ್ರ್ಯದಿಂದ ಮಗುವಿಗೆ ಶಿಕ್ಷೆಯಾಗಬಾರದು.

ಹಾಗಾದರೆ ಇಸುಬು ಎಂದರೇನು? ಆರೋಗ್ಯವಂತ ಚರ್ಮವನ್ನು ಗಾರೆ ಹಾಕಿದ ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಇಸುಬಿನ ಮಗುವಿನಲ್ಲಿ ಈ ಗೋಡೆ ಹುಟ್ಟಿನಿಂದಲೇ ತುಸು ದುರ್ಬಲ. ಒಳಗಿನ ತೇವ ಹೊರಹೋಗುತ್ತದೆ, ಹೊರಗಿನ ಧೂಳು, ಸಾಬೂನು, ರೋಗಾಣುಗಳು ಒಳನುಗ್ಗುತ್ತವೆ. ಚರ್ಮದ ತೇವವನ್ನು ಕಾಯುವ ಫಿಲಾಗ್ರಿನ್ ಎಂಬ ಸಾರಾಂಶವನ್ನು ನಿರ್ಮಿಸುವ ವಂಶವಾಹಿಯಲ್ಲಿನ ಕೊರತೆಗೂ ಈ ರೋಗಕ್ಕೂ ಇರುವ ನಂಟನ್ನು 2006ರಲ್ಲಿ ವಿಜ್ಞಾನಿಗಳು ಸ್ಥಾಪಿಸಿದರು. ಎಲ್ಲ ಮಕ್ಕಳಲ್ಲಿಯೂ ಕಾರಣ ಅದೊಂದೇ ಅಲ್ಲ. ಆದರೂ ಇದು ತಾಯಿಯ ಅಶುಚಿಯ ಫಲವಲ್ಲ, ಪೂರ್ವಜನ್ಮದ ಕರ್ಮವಲ್ಲ, ದೃಷ್ಟಿದೋಷವೂ ಅಲ್ಲವೆಂಬುದು ನಿಸ್ಸಂದೇಹ. ಬಹುಮಟ್ಟಿಗೆ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ: ಕೂಸುಗಳಿಗೆ ಕೆನ್ನೆಯಲ್ಲಿ, ನಡೆಯುವ ಮಕ್ಕಳಿಗೆ ಮೊಣಕೈ ಮೊಣಕಾಲುಗಳ ಮಡಿಕೆಯಲ್ಲಿ. ಒಣಗಿದರೆ ತುರಿಕೆ, ತುರಿಸಿದರೆ ಗಾಯ, ಗಾಯದಿಂದ ಮತ್ತೆ ತುರಿಕೆ. ಮಾಗಿಯ ಒಣಗಾಳಿಯಲ್ಲಿ ಈ ಚಕ್ರ ಇನ್ನೂ ವೇಗವಾಗಿ ತಿರುಗುತ್ತದೆ. ಬೆಳೆಯುತ್ತ ಬಂದಂತೆ ಅನೇಕ ಮಕ್ಕಳಲ್ಲಿ ಇದು ತಾನಾಗಿಯೇ ತಗ್ಗುತ್ತದೆಂಬುದು ಸಮಾಧಾನದ ಸಂಗತಿ.

ಈಗ ನಮ್ಮ ಮನೆಯ ಉಪಚಾರಗಳನ್ನು ಒಂದೊಂದಾಗಿ ಪರೀಕ್ಷಿಸೋಣ. ಮೊದಲನೆಯದು ಎಣ್ಣೆ. ಇಲ್ಲಿ ನಮ್ಮ ಹಿರಿಯರಿಗೆ ಸಂತೋಷವಾಗುವ ವಿಷಯವಿದೆ. ಸೌಮ್ಯ ಹಾಗೂ ಮಧ್ಯಮ ಪ್ರಮಾಣದ ಇಸುಬಿದ್ದ 117 ಮಕ್ಕಳ ಮೇಲೆ ಫಿಲಿಪೈನ್ಸ್ ದೇಶದ ವೈದ್ಯರು ಎಂಟು ವಾರಗಳ ಪ್ರಯೋಗ ನಡೆಸಿ 2014ರಲ್ಲಿ ಪ್ರಕಟಿಸಿದರು. ಖನಿಜತೈಲಕ್ಕಿಂತ ಹಸಿ ಕೊಬ್ಬರಿಯಿಂದ ತೆಗೆದ ಶುದ್ಧ ತೆಂಗಿನೆಣ್ಣೆಯೇ ಹೆಚ್ಚು ಹಿತಕರವೆಂದು ಅದರಲ್ಲಿ ಕಂಡುಬಂದಿತು. ಹಾಗೆಂದು ಎಲ್ಲ ಎಣ್ಣೆಗಳೂ ಒಂದೇ ಅಲ್ಲ. ಸಾಸಿವೆಯೆಣ್ಣೆಯು ಚರ್ಮದ ಗೋಡೆ ಕೂಡಿಕೊಳ್ಳುವುದನ್ನು ತಡೆಯುತ್ತದೆಂದು 2002ರಲ್ಲಿ ಪ್ರಕಟವಾದ, ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ತೆಂಗಿನೆಣ್ಣೆ ದೊರೆಯದ ಕಡೆ ಅಂಗಡಿಯ ಬಿಳಿಯ ವ್ಯಾಸಲೀನೂ ಆದೀತು. ಗಿಡದಿಂದ ಬಂದುದಲ್ಲವೆಂದು ಅದನ್ನು ದೂರಮಾಡಬೇಕಾಗಿಲ್ಲ.

ಎರಡನೆಯದು ಸ್ನಾನ. ನಮ್ಮ ಎಣ್ಣೆನೀರಿನ ಕ್ರಮ ಎಲ್ಲರಿಗೂ ತಿಳಿದದ್ದೇ. ಮೊದಲು ಎಣ್ಣೆ, ಆಮೇಲೆ ಹಂಡೆಯ ಕುದಿನೀರು, ಕಡಲೆಹಿಟ್ಟು ಅಥವಾ ಸೀಗೆಪುಡಿಯ ತಿಕ್ಕಾಟ. ಗಟ್ಟಿ ಚರ್ಮದವರಿಗೆ ಇದು ಸುಖ. ಇಸುಬಿನ ಕೂಸಿಗೆ ಮಾತ್ರ ಈ ಕ್ರಮವನ್ನು ತಿರುವುಮುರುವು ಮಾಡಬೇಕು. ಉಗುರುಬೆಚ್ಚಗಿನ ನೀರಿನಲ್ಲಿ ಐದರಿಂದ ಹತ್ತು ನಿಮಿಷದ ಸ್ನಾನ ಸಾಕು. ಹಿಟ್ಟು ಪುಡಿಗಳಿಂದ ತಿಕ್ಕಬಾರದು. ಸಾಬೂನು ಕ್ಷಾರ, ಚರ್ಮವಾದರೋ ತುಸು ಆಮ್ಲ. ಆದ್ದರಿಂದ ಸಾಬೂನು ಎಷ್ಟು ಕಡಿಮೆಯಾದರೆ ಅಷ್ಟು ಮೇಲು. ಮೆತ್ತನೆಯ ಹಳೆಯ ಪಂಚೆಯಿಂದ ಉಜ್ಜದೆ ಒತ್ತಿ ಒರೆಸಿ, ಮೈಯಲ್ಲಿ ತೇವವಿರುವಾಗಲೇ ಎಣ್ಣೆ ಹಚ್ಚಬೇಕು. ನೀರಿಗೆ ಸುರಿಯುವ ಬೆಲೆಬಾಳುವ ಸ್ನಾನದ್ರವಗಳಿಂದ ವಿಶೇಷ ಪ್ರಯೋಜನವಿಲ್ಲವೆಂದು 2018ರಲ್ಲಿ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆ ಹೇಳಿತು.

ಮೂರನೆಯದು ಉಡುಪು. ಉಣ್ಣೆ ಚುಚ್ಚುತ್ತದೆ, ಕೃತಕ ನೂಲು ಬೆವರನ್ನು ಹಿಡಿದಿಡುತ್ತದೆ. ರೇಷ್ಮೆ ಮಡಿಯಾದುದು, ಅದು ಗುಣಕಾರಿ ಎಂಬ ನಂಬಿಕೆಯೂ ಉಂಟು. ಇಂಗ್ಲೆಂಡಿನಲ್ಲಿ 300 ಮಕ್ಕಳಿಗೆ ರೇಷ್ಮೆಯ ಒಳ ಉಡುಪನ್ನು ತೊಡಿಸಿ ನೋಡಿದ ಪರೀಕ್ಷೆಯ ಫಲ 2017ರಲ್ಲಿ ಹೊರಬಂದಿತು. ಸಾಮಾನ್ಯ ಚಿಕಿತ್ಸೆಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಹಲವು ಸಲ ಒಗೆದು ಮೆತ್ತಗಾದ ಹತ್ತಿಯ ಅಂಗಿಯೇ ಸಾಕು. ಉಗುರನ್ನು ವಾರಕ್ಕೊಮ್ಮೆ ಕತ್ತರಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಇನ್ನು ತ್ಯಾಜ್ಯವಾದವುಗಳು. ಒಡೆದ ಚರ್ಮಕ್ಕೆ ಎಕ್ಕದ ಹಾಲು, ಗೇರೆಣ್ಣೆ, ಹಸಿ ಬೆಳ್ಳುಳ್ಳಿ, ನಿಂಬೆಯ ರಸ, ಸುಣ್ಣ ಬೆರೆಸಿದ ಅರಿಸಿನ ಇವು ಮದ್ದಲ್ಲ, ಸುಡುವ ವಸ್ತುಗಳು. ಬರೆ ಹಾಕುವುದಂತೂ ಕ್ರೌರ್ಯ. ಬೇವು ಪೂಜ್ಯವಾದ ಮರವೇ ಸರಿ. ಆದರೆ ಅದರ ಒರಟು ಸೊಪ್ಪನ್ನು ಅರೆದು ಹಸಿಗಾಯದ ಮೇಲೆ ತಿಕ್ಕಿದಾಗ ಮಗು ಕಿರುಚುವುದು ರೋಗ ಹೊರಬೀಳುವ ಲಕ್ಷಣವಲ್ಲ, ಉರಿಯ ಲಕ್ಷಣ. ‘ನಂಜು’ ಎಂಬ ಹೆಸರಿನಲ್ಲಿ ಬದನೆ, ಹಾಲು, ಶೇಂಗಾ, ಬಾಳೆಹಣ್ಣುಗಳನ್ನೆಲ್ಲ ಒಂದೊಂದಾಗಿ ಬಿಡಿಸುತ್ತ ಹೋದರೆ ರೋಗ ಉಳಿದು ಮಗು ಕೃಶವಾಗುತ್ತದೆ. ಕೆಲವು ಮಕ್ಕಳಿಗೆ ಕೆಲವು ಆಹಾರ ಒಗ್ಗದಿರುವುದು ನಿಜ. ಅದನ್ನು ವೈದ್ಯರು ನಿರ್ಣಯಿಸಬೇಕು, ನೆರೆಮನೆಯವರಲ್ಲ.

ಎಲ್ಲಕ್ಕಿಂತ ಅಪಾಯಕರವಾದುದು ಹೆಸರಿಲ್ಲದ ಡಬ್ಬಿಯ ‘ಗಿಡಮೂಲಿಕೆ’ ಮುಲಾಮು. ಲಂಡನ್ನಿನಲ್ಲಿ ಇಸುಬಿಗೆಂದು ಬಳಸುತ್ತಿದ್ದ ಹನ್ನೊಂದು ಚೀನೀ ಮೂಲಿಕಾ ಲೇಪಗಳನ್ನು ಪರೀಕ್ಷಿಸಿದಾಗ ಎಂಟರಲ್ಲಿ ಗುಟ್ಟಾಗಿ ಸ್ಟಿರಾಯ್ಡ್ ಬೆರೆಸಿತ್ತೆಂದು 1999ರಲ್ಲಿ ವರದಿಯಾಯಿತು. ಹಚ್ಚಿದ ಎರಡು ದಿನಕ್ಕೆ ಪವಾಡದಂತೆ ಮಾಯುವ ಲೇಪವನ್ನು ಕಂಡರೆ ಸಂಶಯಪಡಬೇಕು. ಸ್ಟಿರಾಯ್ಡ್ ತಾನೇ ಶತ್ರುವಲ್ಲ. ವೈದ್ಯರು ಮಗುವನ್ನು ಕಂಡು, ಅಳತೆ ಹೇಳಿ, ದಿನ ಗೊತ್ತುಮಾಡಿ ಕೊಟ್ಟಾಗ ಅದು ಉಪಕಾರಿ. ಅಳತೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಅಳತೆ ತಿಳಿದ ವೈದ್ಯರ ಔಷಧಕ್ಕೆ ಹೆದರಿ, ಅಳತೆಯೇ ಇಲ್ಲದ ಗುಪ್ತ ಔಷಧವನ್ನು ‘ನೈಸರ್ಗಿಕ’ವೆಂದು ನಂಬುವುದು ಎಂಥ ವಿಪರ್ಯಾಸ!

ಪ್ರತಿವಾದಿಯೊಬ್ಬರು ಹೇಳಬಹುದು: ನಮ್ಮ ಅಜ್ಜಿಯರು ಯಾವ ವೈದ್ಯರನ್ನು ಕೇಳಿದ್ದರು? ಅಜ್ಜಿಯರ ಮೇಲೆ ನನಗೂ ಗೌರವವಿದೆ. ಆದರೆ ಪರಂಪರೆಯನ್ನು ಗೌರವಿಸುವುದೆಂದರೆ ಅದರಲ್ಲಿರುವುದನ್ನೆಲ್ಲ ಒಂದೇ ಬುಟ್ಟಿಗೆ ತುಂಬಿಕೊಳ್ಳುವುದಲ್ಲ. ಹಸ್ತಪ್ರತಿಯನ್ನು ಪರಿಷ್ಕರಿಸುವಾಗ ನಾವು ಶುದ್ಧಪಾಠವನ್ನು ಉಳಿಸಿ ಲಿಪಿಕಾರನ ಪ್ರಮಾದವನ್ನು ಬಿಡುವುದಿಲ್ಲವೇ? ಅಜ್ಜಿಯ ತೆಂಗಿನೆಣ್ಣೆ ಶುದ್ಧಪಾಠ. ಎಕ್ಕದ ಹಾಲು ಪ್ರಮಾದ. ಶುದ್ಧಪಾಠಕ್ಕೂ ಮಿತಿಯುಂಟು. ಹುಟ್ಟಿದ ಮೊದಲ ವರ್ಷವೆಲ್ಲ ನಿತ್ಯ ಲೇಪ ಹಚ್ಚಿದರೂ ಇಸುಬು ಬಾರದಂತೆ ತಡೆಯಲಾಗಲಿಲ್ಲವೆಂದು 2020ರ ಒಂದು ದೊಡ್ಡ ಪರೀಕ್ಷೆ ತಿಳಿಸಿತು. ಎಣ್ಣೆ ಶಮನಕಾರಿ, ಸಂಜೀವಿನಿಯಲ್ಲ. ಗಾಯದಲ್ಲಿ ಕೀವು ಅಥವಾ ಜೇನಿನ ಬಣ್ಣದ ಹಕ್ಕಳೆ, ಜ್ವರ, ಇದ್ದಕ್ಕಿದ್ದಂತೆ ಎದ್ದ ನೋವಿನ ಗುಳ್ಳೆಗಳು ಇವು ಕಂಡರೆ ಎಣ್ಣೆಯ ಬಟ್ಟಲನ್ನು ಬದಿಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಗುವಿಗೆ ರಾತ್ರಿಗಳು ನಿದ್ದೆಯಿಲ್ಲದೆ ಕಳೆಯುತ್ತಿದ್ದರೂ ವೈದ್ಯರನ್ನು ಕಾಣಲು ತಡಮಾಡಬಾರದು.

ಕೊನೆಯದಾಗಿ ಮೂರು ಅರಿಕೆಗಳು. ಅಧ್ಯಾಪಕ ಬಂಧುಗಳಲ್ಲಿ: ತುರಿಸಿಕೊಳ್ಳುವ ಮಗುವನ್ನು ಕಂಡೊಡನೆ ಹೆಸರಿಡಬೇಡಿರಿ, ದೂರ ಕೂರಿಸಬೇಡಿರಿ, ‘ಕೈ ಕಟ್ಟಿ ಕುಳಿತುಕೋ’ ಎಂದು ಗದರಿಸಬೇಡಿರಿ, ರಾತ್ರಿ ನಿದ್ದೆಗೆಟ್ಟ ಮಗು ಹಗಲು ಪಾಠ ಮರೆತರೆ ಅದು ಜಡತನವಲ್ಲ. ಪ್ರಸಾದನಿಲಯದಲ್ಲಿ ನಿಜವಾದ ತುರಿಕಜ್ಜಿ ಹಬ್ಬಿದಾಗಲೂ ವೈದ್ಯರ ಸಲಹೆಯಂತೆ ಕೊಠಡಿಯ ಎಲ್ಲರಿಗೂ ಏಕಕಾಲಕ್ಕೆ ಚಿಕಿತ್ಸೆಯಾಗಬೇಕೇ ಹೊರತು ಒಬ್ಬನಿಗೆ ಅವಮಾನವಾಗಬಾರದು. ಹಳೆಯ ವಿದ್ಯಾರ್ಥಿಗಳಲ್ಲಿ: ನಿಮ್ಮಲ್ಲಿ ವೈದ್ಯರಾದವರು ವರ್ಷಕ್ಕೊಂದು ದಿನ ಶಿಶುವಿಹಾರಕ್ಕೆ ಬಂದು ಮಕ್ಕಳನ್ನೂ ತಾಯಂದಿರನ್ನೂ ಕಾಣಿರಿ. ದಾನಿಗಳಲ್ಲಿ: ಎಳೆಯ ಮಕ್ಕಳಿಗೆ ಸಮವಸ್ತ್ರ ಕೊಡಿಸುವಾಗ ಟೆರಿಕಾಟ್ ಬಿಟ್ಟು ಹತ್ತಿಯ ಬಟ್ಟೆ ಕೊಡಿಸಿರಿ, ಶಿಶುವಿಹಾರದ ಕಪಾಟಿನಲ್ಲಿ ಒಂದು ಶೀಸೆ ಒಳ್ಳೆಯ ತೆಂಗಿನೆಣ್ಣೆ ಸದಾ ಇರುವಂತೆ ನೋಡಿಕೊಳ್ಳಿರಿ. ಫಲಕದ ಮೇಲೆ ಹೆಸರು ಕೆತ್ತಿಸುವಷ್ಟು ದೊಡ್ಡ ದಾನ ಇದಲ್ಲ. ಆದರೆ ಮಾಗಿಯ ಒಂದು ರಾತ್ರಿ ಒಂದು ಕೂಸು ತುರಿಸಿಕೊಳ್ಳದೆ ನಿದ್ರಿಸಿದರೆ, ಅದರ ತಾಯಿಯೂ ನಿದ್ರಿಸುತ್ತಾಳೆ. ಬಾಗಿಲ ಬಳಿ ಒಬ್ಬನಿಗಾಗಿಯೇ ಚಾಪೆ ಹಾಸುವ ಶಾಲೆ ನಮ್ಮದಾಗದಿರಲಿ.