ನರ್ಸಮ್ಮನಿಗೆ ಜರ್ಮನ್ ಕಲಿಸೋರು ಯಾರು?

ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾವನ್ನು 90,000ಕ್ಕೆ ಏರಿಸಲು ಜರ್ಮನಿ 2024ರಲ್ಲಿ ತೀರ್ಮಾನಿಸಿತು. ಸಂತೋಷ. ಆದರೆ ಅಲ್ಲಿ ನರ್ಸ್ ಎಂದು ಮಾನ್ಯತೆ ಸಿಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು, ಆರು ಮೆಟ್ಟಿಲಲ್ಲಿ ನಾಲ್ಕನೆಯದು. 'ಎದೆ ಹಿಡ್ಕೊಂಡಂಗಾಗ್ತದೆ' ಅಂತ ಅಲ್ಲಿನ ಅಜ್ಜ ಅಂದರೆ ತಿಳಿಯಬೇಡವೇ?

ಜಿಲ್ಲೆಯ ಹುಡುಗಿಯರು ಇದಕ್ಕೆ ಕೈಹಾಕೋದು ನರ್ಸಿಂಗ್ ಮುಗಿದ ಮೇಲೆ, ಬೆಂಗಳೂರಲ್ಲಿ ರೂಮು ಹಿಡಿದು, ಅಪ್ಪನ ಸಾಲದ ದುಡ್ಡಲ್ಲಿ. ಅದೇ ಹೈಸ್ಕೂಲಿನಲ್ಲೇ ಬುಡ ಹಾಕಿದ್ದರೆ? ಮೂರು ಭಾಷೆಯೇ ಹೊರೆ ಅಂತಾರೆ ಮೇಷ್ಟ್ರು. ಸುಳ್ಳಲ್ಲ. ಹಾಗಾದರೆ ಅಂಕ, ಪರೀಕ್ಷೆ ಬೇಡ. ಬೇಕಾದವರಿಗೆ ಸಂಜೆ ಒಂದು ತಾಸು ಕಲಿಸಲಿ, ಊರಿನ ಬಸ್ ತಪ್ಪದ ಹಾಗೆ. ಕನ್ನಡದಲ್ಲೇ ಕಲಿಸಲಿ: ವಿಭಕ್ತಿ ಪ್ರತ್ಯಯ ಉರು ಹೊಡೆದ ಮಕ್ಕಳಿಗೆ ಜರ್ಮನ್ ವಿಭಕ್ತಿ ಕಂಡರೆ ಗಾಬರಿಯಾಗೋದಿಲ್ಲ. ತಾಲ್ಲೂಕಿಗೊಬ್ಬ ಮೇಷ್ಟ್ರನ್ನು ಕೊಡಲು ಶಿಕ್ಷಣ ಇಲಾಖೆಗೆ ಏನಡ್ಡಿ?